ಅಕ್ವೇರಿಯಂ ಹೀಟರ್ ತಗೋಳ್ತಿದ್ದೀರಾ? ಮೊದಲು ಮನೆಯ ಸ್ವಿಚ್ ಬೋರ್ಡ್ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಮೀನಿನ ತೊಟ್ಟಿಗೆ ಹಾಕೋ ಹೀಟರ್. ಡಿಸೆಂಬರ್ ಬಂತು ಅಂದ್ರೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ಮೆಸೇಜ್‌ಗಳು ಬರುತ್ತೆ. "ಮುನ್ನೂರು ರೂಪಾಯಿದು ಸಾಕಾ, ಮೂರು ಸಾವಿರದ್ದೇ ಬೇಕಾ? ಯಾವ ಕಂಪನಿ ಒಳ್ಳೇದು?" ಅಂತ. ನಾನು ಕಂಪನಿ ಹೆಸರು ಹೇಳಿ ಮುಗಿಸಬಹುದು. ಆದರೆ ಅದು ಸರಿಯಾದ ಉತ್ತರ ಅಲ್ಲ.

ಯಾಕೆ ಅಂದ್ರೆ, ನಮ್ಮ ಮನೆಗಳಲ್ಲಿ ಇಪ್ಪತ್ತನಾಲ್ಕು ಗಂಟೆ ನೀರೊಳಗೆ ಮುಳುಗಿಕೊಂಡು, ನಾವು ನಿದ್ದೆ ಮಾಡುವಾಗಲೂ 230 ವೋಲ್ಟ್‌ಗೆ ಅಂಟಿಕೊಂಡಿರೋ ವಸ್ತುಗಳು ತೀರಾ ಕಡಿಮೆ. ಸ್ನಾನಕ್ಕೆ ನೀರು ಕಾಯಿಸೋ ಕಾಯಿಲ್ ಇದೆಯಲ್ಲ, ಅದನ್ನು ಬಕೆಟ್‌ಗೆ ಹಾಕಿದ ಮೇಲೆ ಮನೆಯಲ್ಲಿ ಅಮ್ಮ ನಾಲ್ಕು ಸಲ ಹೇಳ್ತಾರೆ, "ಸ್ವಿಚ್ ಆಫ್ ಮಾಡದೆ ಕೈ ಹಾಕಬೇಡ" ಅಂತ. ಮೀನಿನ ತೊಟ್ಟಿ ವಿಷಯದಲ್ಲಿ ಆ ಮಾತು ಯಾರೂ ಹೇಳಲ್ಲ. ಇರೋದು ಮಾತ್ರ ಅದೇ ಕೆಲಸ ಮಾಡೋ ವಸ್ತು.

ನಾನು ಓದಿದ್ದು ಬಿಕಾಂ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಅಲ್ಲ. ಅದಕ್ಕೇ ಈ ಸಂಚಿಕೆಯಲ್ಲಿ ನಾನು ಮಾಡೋದು ಲೆಕ್ಕ. ಎಷ್ಟು ನೀರು, ಎಷ್ಟು ವ್ಯಾಟ್, ಎಷ್ಟು ನಿಮಿಷ, ಎಷ್ಟು ದುಡ್ಡು. ವೈರಿಂಗ್ ಕೆಲಸಕ್ಕೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನೇ ಬೇಕು. ಅದನ್ನು ಮೊದಲೇ ಹೇಳಿಬಿಡ್ತೀನಿ.

ನಿಮ್ಮ ಮೀನಿಗೆ ಹೀಟರ್ ಬೇಕಾ?

ಮೊದಲ ಪ್ರಶ್ನೆ ಇದು. ಬೆಂಗಳೂರಲ್ಲಿ ಹವಾಮಾನ ಇಲಾಖೆಯ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಅತಿ ಹೆಚ್ಚು 39.2 ಡಿಗ್ರಿ, 2016ರ ಏಪ್ರಿಲ್ 24ರಂದು. ಇವೆರಡೂ ಅಪರೂಪದ ದಿನಗಳು. ಸಾಮಾನ್ಯವಾಗಿ ಜನವರಿಯ ಬೆಳಗಿನ ಜಾವ ಹೊರಗೆ 15-16 ಡಿಗ್ರಿ ಇರುತ್ತೆ. ಹೆಬ್ಬಾಳ, ಯಲಹಂಕ ಕಡೆ ಇನ್ನೂ ಒಂದಿಷ್ಟು ಚಳಿ ಅನ್ನಿಸುತ್ತೆ. ಆದರೆ ಮೀನು ಇರೋದು ಮನೆಯೊಳಗೆ, ನೀರಲ್ಲಿ. ನೀರು ಗಾಳಿಯಷ್ಟು ಬೇಗ ತಣ್ಣಗಾಗಲ್ಲ. ಗಂಗಾನಗರದ ನಮ್ಮ ಮನೆ ಹಾಲ್‌ನಲ್ಲಿ ಜನವರಿ ಬೆಳಿಗ್ಗೆ ಆರು ಗಂಟೆಗೆ ತೊಟ್ಟಿ ನೀರು 20-21 ಡಿಗ್ರಿ ತೋರಿಸುತ್ತೆ.

ಈಗ ಮೀನಿನ ಕಡೆ ಬನ್ನಿ. ಗೋಲ್ಡ್‌ಫಿಶ್‌ಗೆ 18ರಿಂದ 23 ಡಿಗ್ರಿ ಹಾಯಾಗಿರುತ್ತೆ. ಅದಕ್ಕೆ ಬೆಂಗಳೂರಲ್ಲಿ ಹೀಟರ್ ಬೇಡವೇ ಬೇಡ. ಯಾರಾದರೂ ಗೋಲ್ಡ್‌ಫಿಶ್ ಜೊತೆಗೆ ಹೀಟರನ್ನೂ ಮಾರೋಕೆ ಬಂದ್ರೆ ನಗುತ್ತಾ ಬೇಡ ಅನ್ನಿ. ಗಪ್ಪಿಗೆ 22ರಿಂದ 28 ಡಿಗ್ರಿ, ಹಾಗಾಗಿ ಚಳಿಗಾಲದ ಕೆಲವು ವಾರ ಮಾತ್ರ ಯೋಚನೆ. ಬೆಟ್ಟಾ, ಏಂಜಲ್ ಫಿಶ್ ಇವಕ್ಕೆ 25ರಿಂದ 28 ಬೇಕು. ಡಿಸ್ಕಸ್‌ಗೆ 28ರಿಂದ 30. ಇವಕ್ಕೆ ನಮ್ಮೂರ ಚಳಿಗಾಲದಲ್ಲಿ ಹೀಟರ್ ಬೇಕು.

ಮೀನು ತಣ್ಣೀರಲ್ಲಿ ಏಕ್‌ದಂ ಸಾಯಲ್ಲ. ಊಟ ಬಿಡುತ್ತೆ, ಮೂಲೆ ಸೇರುತ್ತೆ, ರೋಗ ತಡೆಯೋ ಶಕ್ತಿ ಇಳಿಯುತ್ತೆ. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬರುತ್ತಲ್ಲ, ಇಕ್ ಅಂತಾರೆ, ಆ ರೋಗ ಹೆಚ್ಚಾಗಿ ಕಾಣಿಸಿಕೊಳ್ಳೋದು ಉಷ್ಣತೆ ಮೇಲೆ ಕೆಳಗೆ ಆಡುವಾಗ. ಅಂದ್ರೆ ಒಂದೇ ಸಮನೆ ಇರೋದು ಮುಖ್ಯ. ಹೀಟರ್‌ನ ಕೆಲಸ ನೀರನ್ನು ಬಿಸಿ ಮಾಡೋದಕ್ಕಿಂತ, ನೀರಿನ ಉಷ್ಣತೆ ಅಲುಗಾಡದ ಹಾಗೆ ನೋಡಿಕೊಳ್ಳೋದು.

ಹಾಗಾಗಿ ಹೀಟರ್‌ಗಿಂತ ಮೊದಲು ಒಂದು ಥರ್ಮಾಮೀಟರ್ ತಗೊಳ್ಳಿ. ನೂರು ಇನ್ನೂರು ರೂಪಾಯಿಗೆ ಸಿಗುತ್ತೆ. ಒಂದು ವಾರ ಬೆಳಿಗ್ಗೆ ಎದ್ದ ತಕ್ಷಣ ಒಂದು ಸಲ, ಸಂಜೆ ಒಂದು ಸಲ ನೋಡಿ ಫೋನಲ್ಲಿ ಬರೆದಿಡಿ. ಆ ಹದಿನಾಲ್ಕು ಅಂಕಿಗಳು ಯಾವ ಅಂಗಡಿಯವರಿಗಿಂತಲೂ ಚೆನ್ನಾಗಿ ನಿಮಗೆ ಬುದ್ಧಿ ಹೇಳುತ್ತೆ.

ಒಂದು ಮನೆಯಲ್ಲಿ ಆಗಿದ್ದು

ನಮ್ಮ ಪಕ್ಕದ ರಸ್ತೆಯಲ್ಲಿ, ಸಿಬಿಐ ಬಸ್‌ಸ್ಟಾಪಿನಿಂದ ಒಳಗೆ ಬಂದರೆ ಸಿಗೋ ಹಳೇ ಬಿಲ್ಡಿಂಗ್‌ನಲ್ಲಿ ನನ್ನ ಗೆಳೆಯ ಒಬ್ಬ ಇದ್ದಾನೆ. ಎರಡು ಅಡಿ ತೊಟ್ಟಿ, ಆರು ಏಂಜಲ್ ಮೀನು. ಚಳಿ ಶುರುವಾದಾಗ ಹೀಟರ್ ತಂದ. ಅಂಗಡಿಯಲ್ಲಿ 300 ವ್ಯಾಟ್‌ದು ಕೊಟ್ಟರು. "ದೊಡ್ಡದಿದ್ರೆ ಬೇಗ ಕಾಯುತ್ತೆ ಸಾರ್" ಅಂದ್ರಂತೆ. ಸುಮಾರು ಒಂದು ತಿಂಗಳು ಚೆನ್ನಾಗೇ ಓಡಿತು.

ಒಂದು ದಿನ ಬೆಳಿಗ್ಗೆ ಅವನ ತಾಯಿ ಎದ್ದು ನೋಡಿದ್ರೆ ಆರೂ ಮೀನು ಮೇಲೆ ತೇಲ್ತಾ ಇದೆ. ಸತ್ತ ಮೀನು ತೆಗೆಯೋಣ ಅಂತ ಆಂಟಿ ಕೈ ಹಾಕಿದ್ದಾರೆ. "ಏನೋ ಇದು, ನೀರು ಸ್ನಾನಕ್ಕೆ ಕಾಯಿಸಿದ ಹಾಗಿದೆ" ಅಂದವರೇ ಕೈ ಹಿಂದಕ್ಕೆ ಎಳ್ಕೊಂಡ್ರಂತೆ. ಮೊಣಕೈವರೆಗೂ ಜುಮ್ ಅಂತಂತೆ. ಚಳಿ ಅಂತ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡು ಓಡಾಡೋ ಅಭ್ಯಾಸ ಅವರಿಗೆ. ಹಾಗಾಗಿ ಜುಮ್ ಅನ್ನೋದರಲ್ಲಿ ಮುಗೀತು. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತಿದ್ದಿದ್ರೆ ಕಥೆ ಬೇರೆ ಇರ್ತಿತ್ತು.

ಆಮೇಲೆ ಹೀಟರ್ ಹೊರಗೆ ತೆಗೆದು ನೋಡಿದ್ವಿ. ಗಾಜಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು. ಒಳಗೆ ನೀರಿನ ಹನಿ. ಥರ್ಮೋಸ್ಟಾಟ್ ತಿರುಗಿಸಿದ್ರೂ ಆಫ್ ಆಗ್ತಿರಲಿಲ್ಲ. ಅಂದ್ರೆ ಒಂದೇ ರಾತ್ರಿ ಎರಡು ತೊಂದರೆ. ಒಂದು, ಹೀಟರ್ ಆನ್‌ನಲ್ಲೇ ಸಿಕ್ಕಿಹಾಕಿಕೊಂಡಿದೆ. ಎರಡು, ನೀರಿಗೆ ಕರೆಂಟ್ ಇಳಿದಿದೆ. ಒಂದು ಮೀನಿಗೆ ಅಪಾಯ, ಇನ್ನೊಂದು ಮನೆಯವರಿಗೆ. ಇವತ್ತಿನ ಇಡೀ ಸಂಚಿಕೆ ಈ ಎರಡು ತೊಂದರೆಗಳ ಬಗ್ಗೆಯೇ.

ಆನ್‌ನಲ್ಲೇ ಯಾಕೆ ನಿಲ್ಲುತ್ತೆ?

ಸಾಮಾನ್ಯ ಹೀಟರ್ ಒಳಗೆ ಏನಿದೆ ಅಂದ್ರೆ, ಕಾಯೋ ತಂತಿ ಒಂದು, ಥರ್ಮೋಸ್ಟಾಟ್ ಒಂದು. ಥರ್ಮೋಸ್ಟಾಟ್ ಅಂದ್ರೆ ಎರಡು ಬೇರೆ ಬೇರೆ ಲೋಹಗಳನ್ನು ಒಂದರ ಮೇಲೊಂದು ಅಂಟಿಸಿದ ಪಟ್ಟಿ. ಬಿಸಿಯಾದಾಗ ಒಂದು ಲೋಹ ಜಾಸ್ತಿ ಹಿಗ್ಗುತ್ತೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತೆ, ಸಂಪರ್ಕ ಬಿಡುತ್ತೆ, ಕರೆಂಟ್ ನಿಲ್ಲುತ್ತೆ. ತಣ್ಣಗಾದಾಗ ಮತ್ತೆ ಕೂಡುತ್ತೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಟಿಕ್ ಅನ್ನುತ್ತಲ್ಲ, ಅದೇ ಕೆಲಸ.

ಆ ಸಂಪರ್ಕ ಕೂಡೋವಾಗ, ಬಿಡೋವಾಗ ಪ್ರತಿ ಸಲ ಒಂದು ಸಣ್ಣ ಕಿಡಿ ಹಾರುತ್ತೆ. ದಿನಕ್ಕೆ ಹತ್ತಾರು ಸಲ, ತಿಂಗಳುಗಟ್ಟಲೆ. ಕಿಡಿಯಿಂದ ತುದಿ ಕರಗಿ ಒಂದಕ್ಕೊಂದು ಅಂಟಿಕೊಂಡರೆ ಮುಗೀತು, ಹೀಟರ್ ಆಫ್ ಆಗೋ ದಾರಿಯೇ ಇಲ್ಲ. ಡಿಜಿಟಲ್ ಹೀಟರ್‌ಗಳಲ್ಲೂ ಕರೆಂಟ್ ಬಿಡೋಕೆ ಹಿಡಿಯೋಕೆ ರಿಲೇನೋ ಇನ್ನೊಂದು ಎಲೆಕ್ಟ್ರಾನಿಕ್ ಭಾಗಾನೋ ಇರುತ್ತೆ. ಅದೂ ಆನ್‌ನಲ್ಲೇ ಕೆಡಬಹುದು. ಮೇಲೆ ನಂಬರ್ ಕಾಣಿಸುತ್ತೆ ಅಂತ ಒಳಗಿನದು ಗಟ್ಟಿ ಅಂತ ಅರ್ಥ ಅಲ್ಲ.

ಹಾಗಾದ್ರೆ ದುಬಾರಿ ಕಂಪನಿದು ತಗೊಂಡ್ರೆ ಆಯ್ತಲ್ಲ ಅಂತೀರಾ? ಒಳ್ಳೇ ಕಂಪನಿದು ಖಂಡಿತ ಉತ್ತಮ. ಆದರೆ ಒಂದು ವಿಷಯ ನೆನಪಿರಲಿ. 2011ರಲ್ಲಿ ಅಮೆರಿಕದಲ್ಲಿ ಮರೀನ್‌ಲ್ಯಾಂಡ್ ಅನ್ನೋ ಹೆಸರುವಾಸಿ ಬ್ರ್ಯಾಂಡಿನ ಸ್ಟೆಲ್ತ್ ಹೀಟರ್‌ಗಳನ್ನು ವಾಪಸ್ ಕರೆಸಿಕೊಂಡರು. ಸುಮಾರು 12 ಲಕ್ಷ ಹೀಟರ್. ಕಾರಣ, ಒಳಗಿನ ವೈರಿಂಗ್ ದೋಷದಿಂದ ವಿಪರೀತ ಬಿಸಿಯಾಗಿ ಒಡೆದುಹೋಗೋ, ಬೆಂಕಿ ಹೊತ್ತಿಕೊಳ್ಳೋ ಅಪಾಯ. ಗ್ರಾಹಕರ ಸುರಕ್ಷತೆಗೆ ಅಷ್ಟು ಗಟ್ಟಿ ವ್ಯವಸ್ಥೆ ಇರೋ ದೇಶದಲ್ಲೇ ಹಾಗಾಗಿದೆ. ಹಾಗಾಗಿ "ಕೆಡದೇ ಇರೋ ಹೀಟರ್ ಯಾವುದು" ಅಂತ ಹುಡುಕೋದು ಬಿಡಿ. "ಕೆಟ್ಟಾಗ ನನ್ನ ಮನೆಯಲ್ಲಿ ಏನಾಗುತ್ತೆ" ಅಂತ ಯೋಚಿಸಿ. ಈ ಎರಡನೇ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲಿದೆ.

ವ್ಯಾಟ್ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಪಿಯುಸಿಯಲ್ಲಿ ಸೈನ್ಸ್ ತಗೊಂಡಿದ್ದವರಿಗೆ ನೆನಪಿರುತ್ತೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಪೂರ್ತಿ ತುಂಬಿದ್ರೆ ಸುಮಾರು 56 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನೀರು 50 ಲೀಟರ್ ಅಂತ ಇಟ್ಕೊಳ್ಳಿ. ಒಂದು ಡಿಗ್ರಿಗೆ 210 ಕಿಲೋಜೂಲ್.

50 ವ್ಯಾಟ್ ಹೀಟರ್‌ಗೆ ಆ ಒಂದು ಡಿಗ್ರಿ ಏರಿಸೋಕೆ ಸುಮಾರು 70 ನಿಮಿಷ. 100 ವ್ಯಾಟ್‌ಗೆ 35 ನಿಮಿಷ. 300 ವ್ಯಾಟ್‌ಗೆ ಬರೀ 12 ನಿಮಿಷ. ಇದು ಹೊರಗೆ ಸೋರಿಹೋಗೋ ಬಿಸಿಯನ್ನು ಲೆಕ್ಕಕ್ಕೆ ಹಿಡಿಯದೆ ಹೇಳಿದ್ದು.

ಈಗ ರಾತ್ರಿ ಹನ್ನೆರಡು ಗಂಟೆಗೆ ನೀರು 25 ಡಿಗ್ರಿ ಇರುವಾಗ ಹೀಟರ್ ಆನ್‌ನಲ್ಲೇ ಸಿಕ್ಕಿಹಾಕಿಕೊಂಡಿತು ಅಂತ ಇಟ್ಕೊಳ್ಳಿ. 300 ವ್ಯಾಟ್‌ದು ಎರಡು ಎರಡೂವರೆ ಗಂಟೆಯಲ್ಲಿ ನೀರನ್ನು 35 ಡಿಗ್ರಿ ಹತ್ತಿರ ತಂದುಬಿಡುತ್ತೆ. ನೀವು ಗಾಢ ನಿದ್ದೆಯಲ್ಲಿರ್ತೀರಿ. 50 ವ್ಯಾಟ್‌ದು? ಏರ್ತಾ ಏರ್ತಾ ತೊಟ್ಟಿಯ ಗಾಜಿನಿಂದ, ನೀರಿನ ಮೇಲ್ಭಾಗದಿಂದ ಬಿಸಿ ಹೊರಗೆ ಹೋಗ್ತಾ ಇರುತ್ತೆ. ಚಳಿಯ ರಾತ್ರಿಯಲ್ಲಿ ಕೋಣೆಗಿಂತ ಆರೇಳು ಡಿಗ್ರಿ ಮೇಲೆ ಹೋಗೋಷ್ಟರಲ್ಲಿ ಹೀಟರ್ ಕೊಡೋ ಬಿಸಿಯೂ ಹೊರಗೆ ಹೋಗೋ ಬಿಸಿಯೂ ಸಮ ಆಗಿಬಿಡುತ್ತೆ. ಕೆಟ್ಟರೂ ಮೀನು ಬೇಯಿಸೋ ತಾಕತ್ತು ಅದಕ್ಕಿಲ್ಲ.

ಬಿಸಿನೀರಲ್ಲಿ ಇನ್ನೊಂದು ತೊಂದರೆ, ಆಮ್ಲಜನಕ. 25 ಡಿಗ್ರಿ ನೀರು ಲೀಟರ್‌ಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 35 ಡಿಗ್ರಿಗೆ ಅದು 7ಕ್ಕಿಂತ ಕೆಳಗೆ ಇಳಿಯುತ್ತೆ. ಅದೇ ಹೊತ್ತಿಗೆ ಮೀನಿಗೆ ಉಸಿರಾಟ ಜಾಸ್ತಿ ಬೇಕಾಗುತ್ತೆ. ಅದಕ್ಕೇ ಮೇಲೆ ಬಂದು ಬಾಯಿ ಬಡ್ಕೊಳ್ಳುತ್ತೆ.

ಹಾಗಾಗಿ ಬೆಂಗಳೂರಿಗೆ ನನ್ನ ಲೆಕ್ಕ, ಲೀಟರ್‌ಗೆ ಒಂದು ವ್ಯಾಟ್. ನಮಗೆ ಬೇಕಿರೋದು ಕೋಣೆಗಿಂತ ಐದಾರು ಡಿಗ್ರಿ ಹೆಚ್ಚು, ಅಷ್ಟೇ. ನಮ್ಮದು ಹಿಮ ಬೀಳೋ ಊರಲ್ಲ. 50 ಲೀಟರ್‌ಗೆ 50 ವ್ಯಾಟ್. 100 ಲೀಟರ್ ಆದ್ರೆ 100 ವ್ಯಾಟ್‌ದು ಒಂದರ ಬದಲು 50ರದ್ದು ಎರಡು ತಗೊಳ್ಳಿ, ತೊಟ್ಟಿಯ ಎರಡು ತುದಿಗೆ ಒಂದೊಂದು. ಒಂದು ಆನ್‌ನಲ್ಲೇ ನಿಂತ್ರೂ ಏರಿಕೆ ನಿಧಾನ, ಒಂದು ಪೂರ್ತಿ ಸತ್ತುಹೋದ್ರೂ ಇನ್ನೊಂದು ಕೈ ಹಿಡಿಯುತ್ತೆ. ದೊಡ್ಡ ವ್ಯಾಟ್ ತಗೊಂಡ್ರೆ ಒಳ್ಳೇದು ಅನ್ನೋದು ಗೀಸರ್‌ಗೆ ಸರಿ. ಮೀನಿನ ತೊಟ್ಟಿಗೆ ಅಲ್ಲ.

ಎರಡನೇ ಕಾವಲು: ಬೇರೆ ಕಂಟ್ರೋಲರ್

ಹೀಟರ್‌ನ ಥರ್ಮೋಸ್ಟಾಟ್ ಒಂದನ್ನೇ ನಂಬೋ ಬದಲು, ಹೊರಗಡೆ ಇಡೋ ಟೆಂಪರೇಚರ್ ಕಂಟ್ರೋಲರ್ ಸಿಗುತ್ತೆ. ಅದರ ಸೆನ್ಸರ್ ನೀರಲ್ಲಿ ಇರುತ್ತೆ, ಹೀಟರ್‌ನ ಪ್ಲಗ್ ಆ ಕಂಟ್ರೋಲರ್‌ಗೆ ಹಾಕ್ತೀರಿ. ಹೀಟರನ್ನು 27ಕ್ಕೆ, ಕಂಟ್ರೋಲರನ್ನು 26ಕ್ಕೆ ಇಡಿ. ದಿನನಿತ್ಯ ಕಂಟ್ರೋಲರ್ ಕೆಲಸ ಮಾಡುತ್ತೆ. ಅದು ಆನ್‌ನಲ್ಲೇ ಕೆಟ್ಟರೆ ಹೀಟರ್ ತಾನೇ 27ಕ್ಕೆ ನಿಲ್ಲಿಸುತ್ತೆ. ಎರಡೂ ಒಂದೇ ರಾತ್ರಿ ಕೈಕೊಡೋದು ತುಂಬಾ ಅಪರೂಪ. ಒಂದು ಬೀಗದ ಜೊತೆ ಚಿಲಕ ಹಾಕಿದ ಹಾಗೆ.

ಎಸ್.ಪಿ. ರೋಡಲ್ಲಿ ಇಂಥ ಕಂಟ್ರೋಲರ್‌ಗಳು ಬರೀ ಬೋರ್ಡ್ ರೂಪದಲ್ಲೂ ಸಿಗುತ್ತೆ, ಅಗ್ಗ. ಆದರೆ ಅದಕ್ಕೆ 230 ವೋಲ್ಟ್ ವೈರ್‌ಗಳನ್ನು ನೀವೇ ಸ್ಕ್ರೂ ಹಾಕಿ ಕೂಡಿಸಬೇಕು. ಯೂಟ್ಯೂಬ್ ನೋಡಿ ನೀರಿನ ಪಕ್ಕದಲ್ಲಿ ಆ ಪ್ರಯೋಗ ಬೇಡ. ಪ್ಲಗ್, ಸಾಕೆಟ್ ಎರಡೂ ಕೂಡಿಸಿ, ಪೆಟ್ಟಿಗೆ ಮುಚ್ಚಿ ಬಂದಿರೋದನ್ನೇ ತಗೊಳ್ಳಿ.

ಕರೆಂಟ್ ಹೊಡೆಯೋ ವಿಷಯ

ಇದು ಇವತ್ತಿನ ಅತಿ ಮುಖ್ಯ ಭಾಗ. ತೊಟ್ಟಿ ಗಾಜಿನದು, ಅದರ ಸ್ಟ್ಯಾಂಡ್ ಹೆಚ್ಚಾಗಿ ಮರದ್ದು. ಅಂದ್ರೆ ತೊಟ್ಟಿಯ ನೀರಿಗೂ ಭೂಮಿಗೂ ಸಂಬಂಧ ಇಲ್ಲ. ಹೀಟರ್ ಬಿರುಕು ಬಿಟ್ಟು ನೀರಿಗೆ ಫೇಸ್ ಇಳಿದರೂ ಕರೆಂಟ್ ಹರಿದು ಹೋಗೋಕೆ ದಾರಿ ಇರಲ್ಲ. ಮೀನು ಎಂದಿನಂತೆ ಓಡಾಡ್ತಾ ಇರಬಹುದು, ಫ್ಯೂಸ್ ಹೋಗಲ್ಲ, ಏನೂ ಗೊತ್ತಾಗಲ್ಲ. ನೀವು ನೆಲದ ಮೇಲೆ ನಿಂತು ಕೈ ಹಾಕಿದಾಗ ಆ ದಾರಿ ನೀವೇ ಆಗ್ತೀರಿ.

"ಎಂಸಿಬಿ ಇದೆಯಲ್ಲ, ಬಿದ್ದುಹೋಗುತ್ತೆ" ಅಂತ ತುಂಬಾ ಜನ ನಂಬಿದ್ದಾರೆ. ಎಂಸಿಬಿ ಇರೋದು ವೈರ್ ಸುಟ್ಟುಹೋಗದ ಹಾಗೆ ಕಾಯೋಕೆ. 6 ಆಂಪಿಯರ್ ಎಂಸಿಬಿ ಅಂದ್ರೆ 6,000 ಮಿಲಿಆಂಪಿಯರ್‌ವರೆಗೂ ಅದು ಸುಮ್ಮನಿರುತ್ತೆ. ಮನುಷ್ಯನ ಜೀವಕ್ಕೆ ಅದರ ಚಿಕ್ಕ ಪಾಲು ಸಾಕು. ಜನರನ್ನು ಕಾಯೋದು ಆರ್‌ಸಿಸಿಬಿ. ಅದು ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಲೆಕ್ಕ ನೋಡ್ತಾ ಇರುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಡೆಬಿಟ್ ಕ್ರೆಡಿಟ್ ತಾಳೆ ಆಗಬೇಕು. 30 ಮಿಲಿಆಂಪಿಯರ್ ವ್ಯತ್ಯಾಸ ಬಂದ್ರೆ, ಅಂದ್ರೆ ಅಷ್ಟು ಕರೆಂಟ್ ನಿಮ್ಮ ಮೈಮೂಲಕ ನೆಲಕ್ಕೆ ಹೋಗ್ತಿದೆ ಅಂದ್ರೆ, ಕಣ್ಣು ಮಿಟುಕಿಸೋದರೊಳಗೆ ಕಟ್ ಮಾಡುತ್ತೆ. 6,000 ಎಲ್ಲಿ, 30 ಎಲ್ಲಿ! ಇನ್ನೂರು ಪಟ್ಟು ವ್ಯತ್ಯಾಸ.

ನಿಮ್ಮ ಮೀಟರ್ ಬೋರ್ಡ್ ಅಥವಾ ಡಿಬಿ ಬಾಕ್ಸ್ ತೆಗೆದು ನೋಡಿ. ಟಿ ಅಥವಾ ಟೆಸ್ಟ್ ಅಂತ ಬರೆದ ಪುಟ್ಟ ಬಟನ್ ಇರೋ ಸ್ವಿಚ್ ಇದೆಯಾ? ಅದರ ಮೇಲೆ 30 ಮಿಲಿಆಂಪಿಯರ್ ಅಂತ ಇದೆಯಾ? ಇದ್ದರೆ ಬಟನ್ ಒತ್ತಿ. ಮನೆಯ ಕರೆಂಟ್ ಹೋಗಬೇಕು. ಹೋಗಲಿಲ್ಲ ಅಂದ್ರೆ ಅದು ಕೆಟ್ಟಿದೆ. 100 ಅಥವಾ 300 ಮಿಲಿಆಂಪಿಯರ್ ಅಂತಿದ್ರೆ ಅದು ಬೆಂಕಿ ಅಪಾಯ ತಡೆಯೋಕೆ, ಜೀವ ಉಳಿಸೋಕೆ ಸಾಕಾಗಲ್ಲ. ಹೊಸದು ತಗೊಳ್ಳುವಾಗ ಐಎಸ್ 12640 ಅನ್ನೋ ಮಾನದಂಡ, ಐಎಸ್‌ಐ ಗುರುತು ನೋಡಿ.

ಆರ್.ಟಿ. ನಗರ, ಗಂಗಾನಗರ ಕಡೆಯ ಹಳೇ ಬಿಲ್ಡಿಂಗ್‌ಗಳಲ್ಲಿ ಎಷ್ಟೋ ಕಡೆ ಆರ್‌ಸಿಸಿಬಿ ಇರಲ್ಲ. ಬಾಡಿಗೆ ಮನೆಯಾದ್ರೆ ಓನರ್ ಹತ್ತಿರ ಕೇಳೋಕೆ ಸಂಕೋಚ ಬೇಡ. "ಅಂಕಲ್, ಮೀನಿನ ತೊಟ್ಟಿಗೆ ಬೇಕು" ಅಂದ್ರೆ ಒಪ್ಪಲಿಕ್ಕಿಲ್ಲ. "ಗೀಸರ್, ವಾಷಿಂಗ್ ಮಷಿನ್, ಮಕ್ಕಳು ಎಲ್ಲರಿಗೂ ಸೇಫ್" ಅಂದ್ರೆ ಒಪ್ತಾರೆ. ಅದು ನಿಜಾನೂ ಹೌದು. ಅಷ್ಟಕ್ಕೂ ಒಪ್ಪದಿದ್ರೆ, ತೊಟ್ಟಿ ಇರೋ ಒಂದು ಸಾಕೆಟ್‌ಗೆ ಮಾತ್ರ ಸಣ್ಣ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಕೂರಿಸಿಕೊಡಿ ಅಂತ ಎಲೆಕ್ಟ್ರಿಷಿಯನ್‌ಗೆ ಕೇಳಿ. ಮನೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು.

ಅಂಗಡಿಯಲ್ಲಿ ಏನು ನೋಡಬೇಕು?

ಆರ್.ಟಿ. ನಗರದ ಅಂಗಡಿ ಇರಲಿ, ಶಿವಾಜಿನಗರದ್ದಿರಲಿ, ಆನ್‌ಲೈನ್ ಇರಲಿ, ಪೆಟ್ಟಿಗೆ ಕೈಗೆ ಬಂದಾಗ ಇಷ್ಟು ನೋಡಿ.

ಒಂದು, ವೋಲ್ಟೇಜ್. 220-240 ವೋಲ್ಟ್ ಅಂತ ಹೀಟರ್ ಮೇಲೇ ಇರಬೇಕು, ಬರೀ ಪೆಟ್ಟಿಗೆ ಮೇಲಲ್ಲ. ಅಮೆರಿಕದಿಂದ ಯಾರೋ ತಂದುಕೊಟ್ಟ 110 ವೋಲ್ಟ್‌ದು ನಮ್ಮ 230ಕ್ಕೆ ಹಾಕಿದರೆ ನಾಲ್ಕು ಪಟ್ಟಿಗಿಂತ ಹೆಚ್ಚು ವ್ಯಾಟ್ ಎಳೆದು ಸುಟ್ಟುಹೋಗುತ್ತೆ.

ಎರಡು, ಪ್ಲಗ್. ಚಪ್ಪಟೆ ಎರಡು ಪಿನ್ ಇದ್ದು, ಜೊತೆಗೆ ಒಂದು ಕನ್ವರ್ಟರ್ ಕೊಟ್ಟರೆ ಬೇಡ ಅನ್ನಿ. ಸಡಿಲ ಕನ್ವರ್ಟರ್ ಬಿಸಿಯಾಗುತ್ತೆ, ಕಿಡಿ ಹಾರುತ್ತೆ. ನಮ್ಮ ಸಾಕೆಟ್‌ಗೆ ಗಟ್ಟಿಯಾಗಿ ಕೂರೋ ಪ್ಲಗ್ಗೇ ಬೇಕು. ಸ್ಟೀಲ್ ಅಥವಾ ಟೈಟಾನಿಯಂ ಮೈ ಇರೋ ಹೀಟರ್ ಆದ್ರೆ ಅರ್ಥ್ ಇರೋ ಮೂರು ಪಿನ್ ಇರಲೇಬೇಕು, ಮನೆಯ ಸಾಕೆಟ್‌ನಲ್ಲೂ ಅರ್ಥ್ ಕೆಲಸ ಮಾಡ್ತಿರಬೇಕು.

ಮೂರು, ಐಪಿ ಸಂಖ್ಯೆ. ಐಪಿ68 ಅಂತಿದ್ರೆ ಸದಾ ಮುಳುಗಿರೋಕೆ ಮಾಡಿದ್ದು ಅಂತ ಅರ್ಥ. ಕೊನೆಯ ಅಂಕಿ ನೀರಿಗೆ ಸಂಬಂಧಪಟ್ಟಿದ್ದು. 4 ಅಂದ್ರೆ ಬರೀ ಎರಚಿದ ನೀರು ತಡೆಯುತ್ತೆ. ಅಂಥದ್ದನ್ನು ಮುಳುಗಿಸಬಾರದು.

ನಾಲ್ಕು, ಗುರುತು. ನಮ್ಮಲ್ಲಿ ಬಕೆಟ್‌ಗೆ ಹಾಕೋ ಕಾಯಿಲ್‌ಗೆ ಐಎಸ್‌ಐ ಗುರುತು ಕಡ್ಡಾಯ. ನಾನು ಅಂಗಡಿಗಳಲ್ಲಿ ನೋಡಿದ ಅಕ್ವೇರಿಯಂ ಹೀಟರ್ ಪೆಟ್ಟಿಗೆಗಳ ಮೇಲೆ ಹೆಚ್ಚಾಗಿ ಇದ್ದದ್ದು ಸಿಇ ಗುರುತು. ಇಂಥ ವಸ್ತುವಿಗೆ ಅದು ತಯಾರಕರೇ "ನಿಯಮ ಪಾಲಿಸಿದ್ದೇವೆ" ಅಂತ ಹೇಳಿಕೊಳ್ಳೋದು. ಟಿಯುವಿ, ಯುಎಲ್ ಥರದ ಹೊರಗಿನ ಸಂಸ್ಥೆ ಪರೀಕ್ಷೆ ಮಾಡಿದ ಗುರುತಿಗೆ ಹೆಚ್ಚು ತೂಕ. ಐಇಸಿ 60335-2-55 ಅಂತ ಬರೆದಿದ್ದರೆ, ಅದು ಅಕ್ವೇರಿಯಂ ಮತ್ತು ತೋಟದ ಕೊಳದ ಉಪಕರಣಗಳಿಗೆಂದೇ ಇರೋ ಅಂತರರಾಷ್ಟ್ರೀಯ ಮಾನದಂಡ.

ಐದು, ನೀರಿಲ್ಲದಾಗ ತಾನೇ ಆಫ್ ಆಗೋ ಸೌಲಭ್ಯ ಇದೆಯಾ? ನೀರು ಬದಲಿಸುವಾಗ ಹೀಟರ್ ಗಾಳಿಗೆ ಬಂದು ಕೆಂಪಗೆ ಕಾಯುತ್ತೆ, ಆಮೇಲೆ ತಣ್ಣೀರು ಬಿದ್ದರೆ ಗಾಜು ಟಪ್ ಅಂತ ಸೀಳುತ್ತೆ. ಒಳ್ಳೇ ಹೀಟರ್‌ಗಳಲ್ಲಿ ಇದಕ್ಕೆ ರಕ್ಷಣೆ ಇರುತ್ತೆ. ಎಲ್ಲಿವರೆಗೆ ನೀರಿರಬೇಕು ಅನ್ನೋ ಗೆರೆಯೂ ಮೈಮೇಲೆ ಸ್ಪಷ್ಟವಾಗಿ ಇರಬೇಕು.

ಆರು, ಬಿಲ್ ಮತ್ತು ವಾರಂಟಿ. ಬಿಲ್ ಕೊಡದ ಕಡೆ ಇಂಥ ವಸ್ತು ತಗೋಬೇಡಿ. ಕೆಟ್ಟಾಗ ಕೇಳೋಕೆ ನಿಮ್ಮ ಕೈಯಲ್ಲಿ ಒಂದು ಕಾಗದ ಇರಬೇಕು.

ಮನೆಗೆ ತಂದ ಮೇಲೆ

ತಂದ ದಿನವೇ ಮೀನಿನ ತೊಟ್ಟಿಗೆ ಹಾಕಬೇಡಿ. ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಮಕ್ಕಳು ಬರದ ಕಡೆ, ಎರಡು ದಿನ ಓಡಿಸಿ. ಥರ್ಮಾಮೀಟರ್ ಪಕ್ಕದಲ್ಲಿಡಿ. 26ಕ್ಕೆ ಇಟ್ಟರೆ 26ರ ಆಸುಪಾಸು ನಿಲ್ಲುತ್ತಾ, ಒಳಗೆ ಮಂಜು ಕಟ್ಟಿದೆಯಾ, ವೈರ್ ಬಿಸಿಯಾಗುತ್ತಾ, ನೋಡಿ. ಬಕೆಟ್ ಮುಟ್ಟೋ ಮುಂಚೆ ಪ್ಲಗ್ ತೆಗೀಬೇಕು ಅನ್ನೋದು ಬೇರೆ ಹೇಳಬೇಕಿಲ್ಲ.

ತೊಟ್ಟಿಯಲ್ಲಿ ಫಿಲ್ಟರ್‌ನ ನೀರು ಹರಿಯೋ ಕಡೆ ಇಡಿ. ನಿಂತ ನೀರಲ್ಲಿ ಇಟ್ಟರೆ ಹೀಟರ್ ಸುತ್ತ ಬಿಸಿ, ಇನ್ನೊಂದು ಮೂಲೆಯಲ್ಲಿ ತಣ್ಣಗೆ. ಮರಳಿನೊಳಗೆ ಹೂಳಬೇಡಿ. ವೈರ್ ಪ್ಲಗ್‌ಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹೋಗೋ ಹಾಗೆ ಬಿಡಿ. ವೈರ್ ಗುಂಟ ಇಳಿಯೋ ನೀರು ಆ ಕೆಳಗಿನ ತಿರುವಿನಲ್ಲಿ ನೆಲಕ್ಕೆ ತೊಟ್ಟಿಕ್ಕುತ್ತೆ, ಸಾಕೆಟ್‌ಗೆ ಹೋಗಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನು ತೊಟ್ಟಿ ಕೆಳಗೆ ನೆಲದ ಮೇಲೆ ಬಿಡಬೇಡಿ, ಗೋಡೆಗೆ ಎತ್ತರದಲ್ಲಿ ಹಾಕಿ.

ನೀರು ಬದಲಿಸೋ ದಿನ ಮೊದಲ ಕೆಲಸ ಹೀಟರ್ ಪ್ಲಗ್ ತೆಗೆಯೋದು. ಸ್ವಿಚ್ ಆಫ್ ಮಾಡಿದರೆ ಸಾಲದು, ಹಳೇ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್‌ಗೆ ಬಿದ್ದಿರಬಹುದು. ಹದಿನೈದು ನಿಮಿಷ ತಣ್ಣಗಾಗೋಕೆ ಬಿಟ್ಟು ಆಮೇಲೆ ಕೈ ಹಾಕಿ. ಮನೆಯಲ್ಲಿ ಅಜ್ಜಿ, ಮಕ್ಕಳು, ಮನೆಕೆಲಸಕ್ಕೆ ಬರೋ ಅಕ್ಕ ಎಲ್ಲರಿಗೂ ಇದನ್ನು ಹೇಳಿಡಿ. ತೊಟ್ಟಿ ನಿಮ್ಮದಾದ್ರೂ ಕೈ ಹಾಕೋದು ನೀವೊಬ್ಬರೇ ಅಲ್ಲ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಹೀಟರ್ ಮೈಗೆ ಬಿಳಿ ಪದರ ಕಟ್ಟುತ್ತೆ, ಗೀಸರ್ ಒಳಗೆ ಕಟ್ಟೋ ಹಾಗೇ. ಪದರ ದಪ್ಪ ಆದಷ್ಟೂ ಒಳಗಿನ ಬಿಸಿ ಹೊರಗೆ ಬರೋದು ಕಷ್ಟ, ಒಳಗಿನ ತಂತಿ ಇನ್ನೂ ಕಾಯುತ್ತೆ. ತಿಂಗಳಿಗೊಮ್ಮೆ ಪ್ಲಗ್ ತೆಗೆದು, ತಣ್ಣಗಾದ ಮೇಲೆ ಹೊರತೆಗೆದು, ನಿಂಬೆರಸ ಅಥವಾ ವಿನಿಗರ್ ಹಚ್ಚಿ ಒರೆಸಿ, ಚೆನ್ನಾಗಿ ತೊಳೆದು ಹಾಕಿ. ಪ್ಲಗ್ ಭಾಗಕ್ಕೆ ನೀರು ತಾಕಬಾರದು.

ಕರೆಂಟ್ ಹೋದಾಗ ಏನು ಮಾಡೋದು ಅಂತ ಕೇಳ್ತೀರಿ. ಹೀಟರ್ ಇಲ್ಲದೆ ಎರಡು ಮೂರು ಗಂಟೆ ಏನೂ ಆಗಲ್ಲ, ನೀರು ನಿಧಾನಕ್ಕೆ ತಣ್ಣಗಾಗುತ್ತೆ. ತೊಟ್ಟಿ ಸುತ್ತ ಒಂದು ಹಳೇ ರಗ್ಗು ಸುತ್ತಿ, ಮೇಲೆ ಗಾಳಿಗೆ ಜಾಗ ಬಿಡಿ. ಯುಪಿಎಸ್ ಇದ್ದರೆ ಅದಕ್ಕೆ ಏರ್ ಪಂಪ್ ಹಾಕಿ, ಹೀಟರ್ ಬೇಡ. ಮೀನಿಗೆ ಮೊದಲು ಉಸಿರು, ಆಮೇಲೆ ಬಿಸಿ.

ದುಡ್ಡಿನ ಲೆಕ್ಕ

50 ವ್ಯಾಟ್ ಹೀಟರ್ ದಿನದಲ್ಲಿ ಅರ್ಧ ಹೊತ್ತು ಓಡಿತು ಅಂದ್ರೆ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ನೂರಾಹತ್ತು ರೂಪಾಯಿ ಒಳಗೆ. ಇಷ್ಟೇ ಅನ್ನಿಸುತ್ತೆ. ಆದರೆ 2023ರಿಂದ ನಮ್ಮಲ್ಲಿ ಗೃಹಜ್ಯೋತಿ ಇದೆ. ನಿಮ್ಮ ಮನೆ ತಿಂಗಳಿಗೆ 190 ಯೂನಿಟ್ ಹತ್ತಿರ ಓಡ್ತಿದ್ರೆ, ಈ 18 ಯೂನಿಟ್ ನಿಮ್ಮನ್ನು 200 ದಾಟಿಸುತ್ತೆ. ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು, ಸಾವಿರದ ಇನ್ನೂರರ ಮೇಲೆ. ಹಾಗಾಗಿ ಹೀಟರ್ ಹಾಕೋ ಮುಂಚೆ ಹಳೇ ಬೆಸ್ಕಾಂ ಬಿಲ್ ನೋಡಿ. ಅಂಚಿನಲ್ಲಿದ್ರೆ ಎರಡು ಸುಲಭ ಉಪಾಯ ಇದೆ. ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿ, ಹಿಂಬದಿಗೆ ಥರ್ಮಾಕೋಲ್ ಅಂಟಿಸಿ. ಸೋರೋ ಬಿಸಿ ಕಡಿಮೆಯಾದ್ರೆ ಹೀಟರ್ ಓಡೋ ಹೊತ್ತೂ ಕಡಿಮೆ. ಮಾರ್ಚ್ ಬಂದ ಮೇಲೆ ಹೀಟರ್ ತೆಗೆದು ಒಣಗಿಸಿ ಎತ್ತಿಡಿ. ಏಪ್ರಿಲ್‌ನಲ್ಲಿ ನಿಮ್ಮ ತೊಟ್ಟಿಗೆ ಬೇಕಿರೋದು ಫ್ಯಾನ್.

ನಿಮ್ಮ ಹತ್ತಿರ ಒಟ್ಟು ನಾಲ್ಕು ಸಾವಿರ ಇದೆ ಅಂದ್ರೆ ನಾನು ಹೀಗೆ ಹಂಚ್ತೀನಿ: ಸುಮಾರು ಎರಡು ಸಾವಿರ ಆರ್‌ಸಿಸಿಬಿಗೆ, ಉಳಿದ ಎರಡು ಸಾವಿರದಲ್ಲಿ ಸಾಧಾರಣ ಬೆಲೆಯ ಚಿಕ್ಕ ವ್ಯಾಟಿನ ಹೀಟರ್, ಕಂಟ್ರೋಲರ್, ಥರ್ಮಾಮೀಟರ್. ಪೂರ್ತಿ ದುಡ್ಡನ್ನು ಒಂದು ದುಬಾರಿ ಹೀಟರ್‌ಗೆ ಸುರಿದು, ಅದನ್ನು ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಹಾಕೋದು ಕೆಟ್ಟ ಹೂಡಿಕೆ. ದುಡ್ಡು ಅಷ್ಟು ಇಲ್ಲವಾ? ಹಾಗಾದ್ರೆ ಈ ವರ್ಷ ಡಿಸ್ಕಸ್ ಬೇಡ, ಗೋಲ್ಡ್‌ಫಿಶ್ ಅಥವಾ ಜೀಬ್ರಾ ಡೇನಿಯೋ ಸಾಕಿ. ಹೀಟರ್ ಬೇಡದ ಮೀನು ಸಾಕೋದೇ ಎಲ್ಲಕ್ಕಿಂತ ಸೇಫ್ ಹೀಟರ್.

ಮೀನಿನ ಆರೋಗ್ಯದ ಬಗ್ಗೆ ಸಂದೇಹ ಇದ್ದರೆ ನಮ್ಮ ಉತ್ತರ ಬೆಂಗಳೂರಿನವರು ಅದೃಷ್ಟವಂತರು. ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ. ಮೀನಿನ ಪ್ರಶ್ನೆಗೆ ಅಲ್ಲಿ ವಿಚಾರಿಸಿ. ಕರೆಂಟಿನ ಪ್ರಶ್ನೆಗೆ ಎಲೆಕ್ಟ್ರಿಷಿಯನ್ ಕರೆಸಿ. ಎರಡಕ್ಕೂ ಅಂಗಡಿಯವರನ್ನೇ ಕೇಳ್ತಾ ಕೂರಬೇಡಿ.

ಈ ಸಂಚಿಕೆ ಮುಗಿದ ತಕ್ಷಣ ಒಂದು ಕೆಲಸ ಮಾಡಿ. ಮನೆಯಲ್ಲಿ ಯಾರಾದರೂ ಲ್ಯಾಪ್‌ಟಾಪಲ್ಲಿ ಕೆಲಸ ಮಾಡ್ತಿದ್ರೆ ಅವರಿಗೆ ಹೇಳಿ, ಸೇವ್ ಮಾಡಿಕೊಳ್ಳಲಿ. ಆಮೇಲೆ ಹೋಗಿ ಆ ಟೆಸ್ಟ್ ಬಟನ್ ಒತ್ತಿ. ಕರೆಂಟ್ ಹೋದ್ರೆ ಖುಷಿಪಡಿ, ಸ್ವಿಚ್ ಮೇಲೆತ್ತಿ ಮಲಗಿ. ಹೋಗಲಿಲ್ಲ, ಅಥವಾ ಬಟನ್ನೇ ಇಲ್ಲ ಅಂದ್ರೆ, ಅದು ಸರಿಯಾಗೋವರೆಗೂ ತೊಟ್ಟಿಗೆ ಕೈ ಹಾಕೋ ಮುಂಚೆ ಪ್ರತಿ ಸಲ ಪ್ಲಗ್ ತೆಗೀರಿ. ಎಲ್ಲಾ ಪ್ಲಗ್‌ಗಳನ್ನೂ.

ನಿಮ್ಮ ತೊಟ್ಟಿಯ ಅಳತೆ, ಮೀನಿನ ಹೆಸರು, ಒಂದು ವಾರದ ಉಷ್ಣತೆಯ ಪಟ್ಟಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.